ಕನ್ನಡ ಕ್ರೈಸ್ತಕುಟುಂಬಗಳಲ್ಲಿ ಶ್ರದ್ಧಾಪೋಷಣೆಯ ಕ್ರಮ

ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆದ ವಿದ್ವಾಂಸರೆಲ್ಲರೂ ಕ್ರೈಸ್ತಮಿಷನರಿಗಳ ಹೆಸರನ್ನು ಕೃತಜ್ಞತೆಯಿಂದಲೇ ಎತ್ತಿರುವರು. ಮೋಗ್ಲಿಂಗನು 1843ರಲ್ಲಿ ಹೊರಡಿಸಿದ ‘ಮಂಗಳೂರು ಸಮಾಚಾರ’ವನ್ನೂ, ಕಿಟ್ಟೆಲನು 1894ರಲ್ಲಿ ಪ್ರಕಟಿಸಿದ ಮಹಾಕೋಶವನ್ನೂ ಹೇಳದೆ ಯಾವ ಚರಿತ್ರೆಯೂ ಮುಂದೆ ಸಾಗದು. ಆದರೆ ಆ ಮಹನೀಯರು ಯಾವ ಕಾರ್ಯಕ್ಕಾಗಿ ಸಮುದ್ರವನ್ನು ದಾಟಿ ಬಂದರೋ, ಆ ಕಾರ್ಯಕ್ಕಾಗಿ ಕನ್ನಡದಲ್ಲಿ ಏನೇನು ಹುಟ್ಟಿತೋ, ಅದನ್ನು ನಾವು ಅವರ ಸ್ವಂತ ವಿಷಯವೆಂದು ಬದಿಗಿರಿಸಿದ್ದೇವೆ. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಪ್ರಶ್ನೋತ್ತರ, ಸಂಜೆ ದೀಪ ಹಚ್ಚಿದಮೇಲೆ ಹಾಡುವ ಹಾಡು, ಊಟಕ್ಕೆ ಮುಂಚೆ ಹೇಳುವ ನಾಲ್ಕು ಮಾತಿನ ಪ್ರಾರ್ಥನೆ ಇವೇ ಆ ವಾಙ್ಮಯ. ಕೋಶವು ಪಂಡಿತರ ಪೆಟ್ಟಿಗೆಯಲ್ಲಿತ್ತು; ಇವು ಸಾವಿರಾರು ಜನರ ನಾಲಗೆಯ ಮೇಲಿದ್ದುವು. ಇವುಗಳ ಕನ್ನಡವನ್ನು ಕುರಿತು ಸ್ವಲ್ಪ ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಮಾಣಿಕನಗರದಲ್ಲಿ. ಹುಮನಾಬಾದಿಗೆ ಹೊಂದಿಕೊಂಡಿರುವ ಈ ಕ್ಷೇತ್ರವು ಮಾಣಿಕಪ್ರಭುಗಳ (1817–1865) ನೆಲೆ. ಅವರು ಸ್ಥಾಪಿಸಿದ ಸಕಲಮತಸಂಪ್ರದಾಯದಲ್ಲಿ ಯಾವ ಮತವನ್ನೂ ಹಳಿಯುವಂತಿಲ್ಲ. ಅವರ ಪದಗಳೂ ಮರಾಠಿ, ಕನ್ನಡ, ಹಿಂದಿಗಳಲ್ಲಿ ಹರಡಿಕೊಂಡಿವೆ. ದತ್ತಜಯಂತಿಯ ಉತ್ಸವವು ಮಾರ್ಗಶಿರದಲ್ಲಿ ಬರುವುದಷ್ಟೆ. ಅದು ಹೆಚ್ಚಾಗಿ ಡಿಸೆಂಬರಿನ ದಿನಗಳು. ಕೆಲವು ವರ್ಷಗಳ ಹಿಂದೆ ನಾನು ಉತ್ಸವಕ್ಕೆಂದು ಹೋಗಿ ಹುಮನಾಬಾದಿನಲ್ಲಿ ತಂಗಿದ್ದೆನು. ಒಂದು ರಾತ್ರಿ ಪ್ರಭುಮಂದಿರದ ಭಜನೆಯನ್ನು ಕೇಳಿ ಹಿಂದಿರುಗುತ್ತಿದ್ದಾಗ ಓಣಿಯೊಂದರಲ್ಲಿ ತಾಳ, ಡೋಲಕುಗಳ ಸದ್ದು ಕೇಳಿಬಂತು. ಅದೇ ಮಟ್ಟು, ಅದೇ ನಡೆ. ಉತ್ಸವದ ಇನ್ನೊಂದು ಮೇಳವೆಂದೇ ಭಾವಿಸಿ ಹತ್ತಿರ ಹೋದೆನು. ಹಾಡಿನಲ್ಲಿ ಬೆತ್ಲೆಹೇಮಿನ ಹೆಸರು ಬಂತು. ಕ್ರಿಸ್ಮಸ್ಸಿಗೆ ಮೊದಲು ಮನೆಮನೆಗೆ ಹಾಡುತ್ತ ಹೋಗುವ ಮೆಥೊಡಿಸ್ಟ್ ಸಭೆಯವರು ಅವರು. ಅವರಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರ ಪರಿಚಯವಾಗಿ ಮುಂದಿನ ಸಂಜೆಗಳಲ್ಲಿ ಅವರ ಮನೆಯಲ್ಲಿ ಕುಳಿತು ಕೇಳುವ ಅವಕಾಶ ದೊರೆಯಿತು. ಅಲ್ಲಿ ಕಂಡುದನ್ನು ಕೊನೆಗೆ ಹೇಳುವೆನು. ಅದಕ್ಕೆ ಮೊದಲು ಹಿನ್ನೆಲೆ ತಿಳಿದಿರಬೇಕು.

ಮೊದಲು ಪದಗಳ ವಿಚಾರ. ನಾನು ತಲೆಬರೆಹದಲ್ಲಿ ‘ಶ್ರದ್ಧೆ’ ಎಂದು ಬರೆದಿರುವುದು ನನ್ನ ಅಭ್ಯಾಸಬಲದಿಂದ. ವೈದಿಕನಿಘಂಟುವಿನಲ್ಲಿ ‘ಶ್ರತ್’ ಎಂಬುದು ಸತ್ಯದ ಹೆಸರುಗಳಲ್ಲೊಂದು. ಅದನ್ನು ಧರಿಸುವುದೇ ಶ್ರದ್ಧೆ. ಕನ್ನಡ ಕ್ರೈಸ್ತರು ಈ ಪದವನ್ನು ಹೆಚ್ಚಾಗಿ ಬಳಸುವುದಿಲ್ಲ. ಪ್ರೊಟೆಸ್ಟಂಟರ ‘ಸತ್ಯವೇದ’ದಲ್ಲಿ ‘ನಂಬಿಕೆ’ ಎಂಬುದೇ ರೂಢಿ, ಕಥೋಲಿಕರಲ್ಲಿ ‘ವಿಶ್ವಾಸ’. ನಂಬಿಕೆಯು ಅಚ್ಚಗನ್ನಡದ ಮಾತು, ವಚನಕಾರರು ಬಳಸಿ ಹದಗೊಳಿಸಿದ ಮಾತು. ವಿಶ್ವಾಸವು ಸಂಸ್ಕೃತವಾದರೂ ನಮ್ಮ ಮನೆಮಾತಿನಲ್ಲಿ ಅದಕ್ಕೆ ಪ್ರೀತಿಯೆಂಬ ಅರ್ಥವು ಬೆರೆತುಹೋಗಿದೆ. ‘ಅವರು ಬಹಳ ವಿಶ್ವಾಸದಿಂದ ಕಂಡರು’ ಎಂದರೆ ಅವರ ತತ್ತ್ವನಿಷ್ಠೆಯನ್ನು ಯಾರೂ ನೆನೆಯುವುದಿಲ್ಲ, ಆದರೋಪಚಾರವನ್ನೇ ನೆನೆಯುವರು. ಪದಗಳನ್ನು ಆರಿಸಿದವರು ಇದನ್ನು ಲೆಕ್ಕಹಾಕಿದ್ದರೋ ಇಲ್ಲವೋ, ಎರಡು ಪದಗಳೂ ಶಾಸ್ತ್ರದಿಂದ ಬಂದುವಲ್ಲ, ಅಡಿಗೆಮನೆಯಿಂದ ಬಂದುವು. ‘ದೀಕ್ಷಾಸ್ನಾನ’ವೆಂಬುದು ಇದಕ್ಕೆ ವ್ಯತಿರಿಕ್ತವಾಗಿ ಪಂಡಿತರ ಸಮಾಸ. ತಮಿಳು ಮಲೆಯಾಳಗಳಲ್ಲಿ ‘ಜ್ಞಾನಸ್ನಾನ’ವೆಂಬುದು ನೆಲೆಯಾಯಿತು, ಕನ್ನಡದಲ್ಲಿ ಮಾತ್ರ ‘ದೀಕ್ಷೆ’ ಎಂಬುದು ಮುಂದೆ ಬಂತು. ಲಿಂಗದೀಕ್ಷೆಯನ್ನು ಕಂಡಿದ್ದ ನಾಡಿನಲ್ಲಿ ಈ ಮಾತಿಗೆ ವಿವರಣೆ ಬೇಕಾಗಿರಲಿಲ್ಲವೆಂದು ತೋರುತ್ತದೆ. ‘ಸಭೆ’ ಎಂಬ ಪದವಂತೂ ಬಹಳ ಯುಕ್ತವಾದುದು. ಗ್ರೀಕಿನ ಮೂಲಪದಕ್ಕೂ ಕರೆದು ಕೂಡಿಸಿದ ಜನರೆಂದೇ ಅರ್ಥ, ಕಟ್ಟಡವೆಂದಲ್ಲ.

ಇನ್ನು ಮನೆಯ ವಿಚಾರ. ಕ್ರೈಸ್ತಧರ್ಮವು ಪುಸ್ತಕದ ಧರ್ಮ, ಪೀಠದ ಧರ್ಮ ಎಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು, ನನಗೂ ಇತ್ತು. ಆದರೆ ನಮ್ಮ ನಾಡಿಗೆ ಬಂದ ಪ್ರೊಟೆಸ್ಟಂಟ್ ಪಂಥಗಳ ವಂಶವೃಕ್ಷವನ್ನು ನೋಡಿದರೆ ಮನೆಯ ಕಡೆಗೇ ಅವುಗಳ ಬೇರು ಹೋಗುತ್ತದೆ. ಲೂಥರನು 1529ರಲ್ಲಿ ಬರೆದ ಸಣ್ಣ ಪ್ರಶ್ನೋತ್ತರಿಯಲ್ಲಿ ಪ್ರತಿಯೊಂದು ಭಾಗದ ಮೊದಲೂ, ಮನೆಯ ಯಜಮಾನನು ಇದನ್ನು ತನ್ನ ಮನೆಯವರಿಗೆ ಸರಳವಾಗಿ ಹೇಗೆ ಕಲಿಸಬೇಕೆಂಬ ಮಾತಿದೆ. ಗುರುವಿನ ಪಟ್ಟವನ್ನು ಅವನು ತಂದೆಗೆ ಕಟ್ಟಿದನು. 1670ರಲ್ಲಿ ಫ್ರಾಂಕ್‌ಫುರ್ಟ್ ನಗರದಲ್ಲಿ ಸ್ಪೇನರನೆಂಬ ಪಾದ್ರಿಯು ತನ್ನ ಮನೆಯಲ್ಲೇ ಜನರನ್ನು ಕೂಡಿಸಿ ಶಾಸ್ತ್ರವಾಚನವನ್ನೂ ಚರ್ಚೆಯನ್ನೂ ನಡೆಸತೊಡಗಿದನು. ಅದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಊರೂರಿಗೆ ಹಬ್ಬಿತು. ಬಾಸೆಲ್ ಮಿಷನ್ನು (ಸ್ಥಾಪನೆ 1815) ಕನ್ನಡನಾಡಿಗೆ ಕಳುಹಿಸಿದವರಲ್ಲಿ ಬಹುಮಂದಿ ಆ ಸೀಮೆಯ ರೈತರ, ಕುಶಲಕರ್ಮಿಗಳ, ಪಾದ್ರಿಗಳ ಮಕ್ಕಳು. ಇಂಗ್ಲೆಂಡಿನಲ್ಲಿ ವೆಸ್ಲಿಯ ಅನುಯಾಯಿಗಳು 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಕಟ್ಟಡದ ಸಾಲವನ್ನು ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪುಗಳನ್ನು ಮಾಡಿ, ಗುಂಪಿಗೊಬ್ಬ ನಾಯಕನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೊಂದು ಪೆನ್ನಿಯನ್ನು ಎತ್ತಬೇಕೆಂದು ಗೊತ್ತುಮಾಡಿದರು. ಪೆನ್ನಿಗಾಗಿ ಹೋದ ನಾಯಕನು ಮನೆಯೊಳಗಿನ ಜಗಳ, ಕುಡಿತ, ರೋಗಗಳನ್ನು ಕಂಡನು, ಕಂಡುದನ್ನು ವಿಚಾರಿಸತೊಡಗಿದನು. ಸಾಲ ತೀರಿದರೂ ಆ ಪದ್ಧತಿ ಉಳಿಯಿತು. ಹುಮನಾಬಾದ್, ಬಸವಕಲ್ಯಾಣಗಳ ಮೆಥೊಡಿಸ್ಟರು ಅಮೆರಿಕದ ಮೂಲಕ ಬಂದ ಇದೇ ಶಾಖೆಯವರು.

ಕಲ್ಯಾಣದ ಹೆಸರು ಬಂದೊಡನೆ ಅನುಭವಮಂಟಪದ ಗೋಷ್ಠಿಯನ್ನೂ ಈ ಗುಂಪುಕೂಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆಸೆ ಕೆಲವರಿಗೆ ಹುಟ್ಟುವುದು ಸಹಜ. ನಾನು ಅದಕ್ಕೆ ಒಪ್ಪುವುದಿಲ್ಲ. ಎರಡಕ್ಕೂ ನಡುವೆ ಆರುನೂರು ವರ್ಷಗಳೂ ಎರಡು ಸಮುದ್ರಗಳೂ ಇವೆ. ಹೋಲಿಕೆಯು ಇದ್ದರೆ ಅದು ಕೇಳುವ ಕಿವಿಯಲ್ಲಿದೆ.

ಪ್ರಶ್ನೋತ್ತರದ ರೂಪದ ವಿಷಯದಲ್ಲಿ ಮಾತ್ರ ಹೋಲಿಕೆಗೆ ಹೆಚ್ಚು ಆಧಾರವುಂಟು. ಕೇಳಿ ಹೇಳಿ ಕಲಿಯುವುದು ನಮ್ಮಲ್ಲಿ ಹೊಸದಲ್ಲ. ‘ಪ್ರಶ್ನೋತ್ತರರತ್ನಮಾಲಿಕೆ’ ಎಂಬ ಚಿಕ್ಕ ಸಂಸ್ಕೃತಕೃತಿಯನ್ನು ಕೆಲವರು ಶಂಕರರದೆನ್ನುವರು, ಕೆಲವರು ರಾಷ್ಟ್ರಕೂಟ ಅಮೋಘವರ್ಷನದೆನ್ನುವರು. ಅಮೋಘವರ್ಷನ ರಾಜಧಾನಿಯಾದ ಮಾನ್ಯಖೇಟವು ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಹೀಗೆ ಹುಮನಾಬಾದಿನ ಮಗುವು ‘ನಿನ್ನನ್ನು ಉಂಟುಮಾಡಿದವರು ಯಾರು’ ಎಂಬಂಥ ಪ್ರಶ್ನೆಗೆ ಉತ್ತರವನ್ನು ಒಪ್ಪಿಸುವಾಗ ಅದು ಲೂಥರನ ಪಾಠವೂ ಹೌದು, ಈ ನೆಲದ ಪಾಠಕ್ರಮವೂ ಹೌದು. ನಾನು ಸಂಸ್ಕೃತಪಾಠಶಾಲೆಯಲ್ಲಿ ಅಮರವನ್ನು ಒಪ್ಪಿಸಿದುದು ಹೀಗೆಯೇ. ಅರ್ಥವು ಬಂದುದು ಹತ್ತು ವರ್ಷ ಕಳೆದಮೇಲೆ. ಬಾಯಿಪಾಠವನ್ನು ಈಗಿನ ಶಿಕ್ಷಣತಜ್ಞರು ಗಿಳಿಪಾಠವೆಂದು ಜರೆಯುವರು. ಗಿಳಿಗೆ ಹತ್ತು ವರ್ಷದ ಬಳಿಕ ಅರ್ಥವು ಹೊಳೆಯುವುದಿಲ್ಲವೆಂಬ ವ್ಯತ್ಯಾಸವನ್ನು ಅವರು ಗಮನಿಸಿದಂತಿಲ್ಲ.

ಹಾಡಿನ ಕಥೆ ಇಷ್ಟು ಸುಗಮವಾದುದಲ್ಲ. ಇಲ್ಲಿ ತೊಡಕಿತ್ತು, ಆ ತೊಡಕಿನಲ್ಲಿಯೇ ಸಾಹಿತ್ಯದ ವಿದ್ಯಾರ್ಥಿಗೆ ಕಲಿಯತಕ್ಕ ಅಂಶವಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಮೇಲೆ ತಮ್ಮ ಜರ್ಮನ್ ಸಂಗೀತಗಳನ್ನು ಕನ್ನಡಿಸಿ, ಆ ರಾಗಗಳಲ್ಲೇ ಹಾಡಿಸಿದರು. ಜರ್ಮನ್ ಪದ್ಯದಲ್ಲಿ ಲೆಕ್ಕವು ಅಕ್ಷರಗಳದು. ಒಂದು ಅಕ್ಷರಕ್ಕೆ ಒತ್ತು, ಮತ್ತೊಂದಕ್ಕೆ ಇಲ್ಲ. ಪ್ರಾಸವು ಪಾದದ ಕೊನೆಯಲ್ಲಿ. ಕನ್ನಡದಲ್ಲಿ ಲೆಕ್ಕವು ಮಾತ್ರೆಗಳದು. ಒತ್ತು ಹೆಚ್ಚಾಗಿ ಪದದ ಮೊದಲಿಗೆ. ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿ. ಹೀಗಾಗಿ ಜರ್ಮನ್ ರಾಗಕ್ಕೆ ಕನ್ನಡ ಮಾತನ್ನು ತೊಡಿಸಿದಾಗ ಅಂಗಿಯ ತೋಳು ಕೊರಳಿಗೆ ಬಂದಂತಾಯಿತು. ಲಘುವಿರುವೆಡೆ ರಾಗವು ಎಳೆಯುತ್ತದೆ. ಎಳೆದರೆ ಕನ್ನಡದಲ್ಲಿ ಅರ್ಥವೇ ಬೇರೆಯಾಗುತ್ತದೆ. ‘ಕೊಡು’ ಎಂದು ದೇವರನ್ನು ಬೇಡುವವನು ರಾಗದ ಒತ್ತಾಯಕ್ಕೆ ‘ಕೋಡು’ ಎಂದು ಹಾಡಿದರೆ ಬೇಡಿದುದು ವರವೋ ಕೊಂಬೋ ತಿಳಿಯದು. ‘ಬಿಡು’ ಎಂಬುದು ‘ಬೀಡು’ ಆಗುವುದೂ ಹೀಗೆಯೇ. ದೇವಾಲಯದಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ವಾದ್ಯವನ್ನು ಹಿಂಬಾಲಿಸಿ ಇವನ್ನು ಹಾಡಬಹುದು. ಮನೆಯಲ್ಲಿ ಬೀಸುವಾಗ, ಮಗುವನ್ನು ತೂಗುವಾಗ ತಾವಾಗಿ ಇವು ಬಾಯಿಗೆ ಬರುವುದು ಕಷ್ಟ.

ಈ ಕೊರತೆಯನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಕಿಟ್ಟೆಲನೊಬ್ಬನು. 1853ರಲ್ಲಿ ಬಂದ ಅವನು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದನು. ಅದು ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹಾಡಿಗೆ ಒದಗುವಂತೆ ಹೇಳಿದ ಕೃತಿ. ಕುಮಾರವ್ಯಾಸನನ್ನು ಕೇಳಿ ಬೆಳೆದ ಕಿವಿಗೆ ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದರ ಬೆನ್ನಿಗೊಂದು ಬಂದರೆ ಮಾತು ತಾನಾಗಿ ನಿಲ್ಲುತ್ತದೆ; ಪುಸ್ತಕವಿಲ್ಲದೆಯೂ ನಿಲ್ಲುತ್ತದೆ. ಅವನು 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಪರಿಷ್ಕರಿಸಿ ಪ್ರಕಟಿಸಿದುದನ್ನು ನಾವು ಶುದ್ಧಪಾಂಡಿತ್ಯದ ಕಾರ್ಯವೆಂದು ಕೊಂಡಾಡುತ್ತೇವೆ. ಅದು ಪಾಂಡಿತ್ಯವೇ ಸರಿ. ಆದರೆ ಹದಿಮೂರು ವರ್ಷಗಳ ಮೊದಲೇ ಅವನಿಗೆ ಛಂದಸ್ಸಿನ ಪ್ರಯೋಜನವಿತ್ತೆಂಬುದನ್ನು ಮರೆಯಬಾರದು. ಮನೆಯಲ್ಲಿ ಹಾಡತಕ್ಕ ಹಾಡು ಹೇಗಿರಬೇಕೆಂಬ ಪ್ರಶ್ನೆಯೇ ಅವನನ್ನು ನಾಗವರ್ಮನ ಬಾಗಿಲಿಗೆ ಕರೆದುತಂದಿತೆಂದು ನನ್ನ ಊಹೆ. ಅವನ ಸಂಗಡಿಗರು ಈ ಪ್ರಯೋಗವನ್ನು ಅಷ್ಟಾಗಿ ಆದರಿಸಲಿಲ್ಲ. ದೇಶೀಯ ಮಟ್ಟು ಎಂದರೆ ಹಳೆಯ ದೇವರುಗಳ ನೆನಪು ಬರುವುದೆಂಬ ಅಂಜಿಕೆಯನ್ನು ಸುಮ್ಮನೆ ನಗೆಗೆ ಗುರಿಮಾಡಲಾಗದು. ಮಟ್ಟಿಗೆ ನೆನಪುಂಟು, ನಾನೇ ಹುಮನಾಬಾದಿನ ಓಣಿಯಲ್ಲಿ ಮೋಸಹೋದೆನಲ್ಲವೆ?

ಇಷ್ಟೆಲ್ಲ ಮನೆಯ ವಿಷಯವನ್ನು ಹೇಳಿದೆನು. ಆದರೆ ಆಗಿನ ಅನೇಕ ಕ್ರೈಸ್ತರಿಗೆ ಮನೆಯೇ ಇರಲಿಲ್ಲವೆಂಬುದು ಈ ವಿಷಯದ ಅತ್ಯಂತ ಕಠಿನವಾದ ಭಾಗ. ಮಂಗಳೂರಿನ ಸಾರಸ್ವತಕುಲದ ಆನಂದರಾವ್ ಕೌಂಡಿನ್ಯನು 1844ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದನು. ಬಾಸೆಲಿನಲ್ಲಿ ವ್ಯಾಸಂಗಮಾಡಿ 1851ರಲ್ಲಿ ಪಾದ್ರಿಯಾಗಿ ನಿಯುಕ್ತನಾಗಿ ಹಿಂದಿರುಗಿದನು. ಪತ್ನಿಯು ಅವನೊಡನೆ ಬರಲಿಲ್ಲ. ಆಕೆಯ ಪಕ್ಷದಿಂದ ಯಾರೂ ಚರಿತ್ರೆ ಬರೆದಿಲ್ಲ. ಬರೆದಿದ್ದರೆ ಶ್ರದ್ಧೆಯೆಂಬ ಮಾತಿಗೆ ಆಕೆಯೂ ಒಂದು ಅರ್ಥವನ್ನು ಹೇಳುತ್ತಿದ್ದಳು. ಬಡವರ ಪಾಡು ಬೇರೆಯಾಗಿತ್ತು. ಕರಾವಳಿಯಲ್ಲಿ ಸಭೆಗೆ ಸೇರಿದ ಬಿಲ್ಲವರಿಗೆ ಶೇಂದಿಯ ಕಸುಬನ್ನು ಮಿಷನ್ನು ನಿಷೇಧಿಸಿತು. ಕಸುಬು ಹೋಯಿತು, ಒಕ್ಕಲಿನ ಭೂಮಿಯೂ ಎಷ್ಟೋ ಕಡೆ ಹೋಯಿತು, ಕುಲದ ಪಂಕ್ತಿ ಮೊದಲೇ ತಪ್ಪಿತ್ತು. ಇವರಿಗಾಗಿಯೇ ನೆಯ್ಗೆಯ ಶಾಲೆಗಳೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯೂ ಹುಟ್ಟಿದುವು. ಮದುವೆ, ಬಾಣಂತನ, ಶವಸಂಸ್ಕಾರಗಳಲ್ಲಿ ಕುಲವು ಮಾಡುತ್ತಿದ್ದ ಕೆಲಸವೆಲ್ಲ ಸಭೆಯ ಹೆಗಲಿಗೆ ಬಿದ್ದಿತು. ಹೀಗೆ ಕುಟುಂಬದಿಂದ ಸಭೆಯಾಗುವ ಬದಲು ಸಭೆಯಿಂದ ಕುಟುಂಬವಾಯಿತು. ಸಂಜೆಯ ಪ್ರಾರ್ಥನೆಗೆ ಅಲ್ಲಿ ಇಷ್ಟು ಬೆಲೆ ಬಂದುದೇಕೆಂದು ಇದರಿಂದ ತಿಳಿಯುತ್ತದೆ. ಅಜ್ಜ ಅಜ್ಜಿಯರಿಲ್ಲದ ಮನೆಗೆ ಪ್ರಶ್ನೋತ್ತರವೇ ಹಿರಿಯರಾಗಿತ್ತು.

ಕರಾವಳಿಯ ಕಥೋಲಿಕರ ಸ್ಥಿತಿ ಬೇರೆ. ಅವರಿಗೆ ಹಿರಿಯರಿದ್ದರು, ಗೋವೆಯಿಂದ ತಂದ ವಂಶದ ನೆನಪಿತ್ತು, ಭಾಷೆ ಕೊಂಕಣಿ. 1784ರಲ್ಲಿ ಟಿಪ್ಪುವು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಇಗರ್ಜಿಗಳು ಕೆಡವಲ್ಪಟ್ಟುವು. 1799ರ ವರೆಗಿನ ಹದಿನೈದು ವರ್ಷ ಆ ಜನಕ್ಕೆ ಪೀಠವೂ ಇಲ್ಲ, ದೇವಾಲಯವೂ ಇಲ್ಲ. ಬದುಕಿ ಹಿಂದಿರುಗಿದವರು ಮತ್ತೆ ಇಗರ್ಜಿಗಳನ್ನು ಕಟ್ಟಿದರೆಂದರೆ ನಡುವಿನ ಕಾಲದಲ್ಲಿ ಮನೆಯವರ ಬಾಯಲ್ಲಿ ಪ್ರಾರ್ಥನೆ ಉಳಿದಿದ್ದಿರಲೇಬೇಕು. ವಾಡೆಗೊಬ್ಬ ಗುರ್ಕಾರನೆಂಬ ಹಿರಿಯನು ಮನೆಗಳನ್ನು ವಿಚಾರಿಸಿಕೊಳ್ಳುವ ಪದ್ಧತಿಯೂ, ಸಂಜೆ ಮನೆಯವರೆಲ್ಲ ಕುಳಿತು ಜಪಸರವನ್ನು ಹೇಳುವ ಪದ್ಧತಿಯೂ, ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ತಂದು ಮನೆಮಂದಿಯೆಲ್ಲ ಸಸ್ಯಾಹಾರದ ಊಟಮಾಡುವ ಮೊಂತಿಹಬ್ಬವೂ ಅವರಲ್ಲಿವೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ವರೆಗೆ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿದ್ದಿತು. ಅಂದರೆ ದೇವಾಲಯದಲ್ಲಿ ಅರ್ಥವಾಗದ ಮಂತ್ರ, ಮನೆಯಲ್ಲಿ ಅರ್ಥವಾಗುವ ಮಾತು. ಈ ವಿಭಾಗವು ನನ್ನಂಥವನಿಗೆ ಹೊಸದಾಗಿ ಕಾಣುವುದಿಲ್ಲ. ನಮ್ಮ ತಾಯಂದಿರಿಗೂ ಗರ್ಭಗುಡಿಯ ಸಂಸ್ಕೃತವು ತಿಳಿದಿರಲಿಲ್ಲ, ಬೆಳಗಿನ ಜಾವದ ಹಾಡು ತಿಳಿದಿತ್ತು.

ಇಷ್ಟು ಹಿನ್ನೆಲೆಯೊಡನೆ ಮತ್ತೆ ಬೀದರ ಸೀಮೆಗೆ ಬರೋಣ. 1948ರ ವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಸರಕಾರದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಕೆಯೂ ಉರ್ದುವಿನಲ್ಲಿ. ಊರಿನಲ್ಲಿ ಕನ್ನಡ, ಮರಾಠಿ, ತೆಲುಗುಗಳು ಒಂದೇ ಬಾವಿಯ ನೀರಿನಂತೆ ಬೆರೆತಿದ್ದುವು. ಇಲ್ಲಿ ಮೆಥೊಡಿಸ್ಟ್ ಸಭೆಗೆ ಸೇರಿದವರಲ್ಲಿ ಬಹುಮಂದಿ ಊರಹೊರಗಿನ ಕೇರಿಗಳವರು. ಅಕ್ಷರವು ಅವರಿಗೆ ತಲೆಮಾರುಗಳಿಂದ ನಿರಾಕೃತವಾಗಿತ್ತು. ಬಳ್ಳಾರಿಯಲ್ಲಿ ಹ್ಯಾಂಡ್ಸನು ಶ್ರಮಿಸಿ 1831ಕ್ಕೆ ಪೂರ್ಣಗೊಳಿಸಿದ ಕನ್ನಡ ಬೈಬಲ್ಲಿನ ಪರಂಪರೆ ಅವರ ಕೈಗೆ ಬಂದರೂ ಓದತಕ್ಕವರು ಸಭೆಯಲ್ಲಿ ಒಬ್ಬಿಬ್ಬರು. ಆದುದರಿಂದ ಓದುವವನು ಒಮ್ಮೆ ಓದುವುದು, ಕೇಳಿದವರು ಮನೆಗೆ ಹೋಗಿ ಹೇಳುವುದು, ಹೇಳಿದುದನ್ನು ಹಾಡುವುದು, ಹೀಗೆ ನಡೆಯಿತು. ‘ಸತ್ಯವೇದ’ವೆಂದು ಹೆಸರಿಟ್ಟವರು ವೇದವು ಪುಸ್ತಕವಲ್ಲವೆಂಬುದನ್ನು ಯೋಚಿಸಿದ್ದರೋ ಇಲ್ಲವೋ, ಈ ಕೇರಿಗಳಲ್ಲಿ ಮಾತ್ರ ಅದು ನಿಜವಾಗಿಯೂ ಶ್ರುತಿಯಾಯಿತು. ವೇದವನ್ನು ಕೇಳಕೂಡದೆಂದು ಯಾರ ಕಿವಿಗೆ ಕಟ್ಟಳೆಯಿದ್ದಿತೋ ಅವರ ಕಿವಿಗೆ ಆ ಹೆಸರು ಹೇಗೆ ಕೇಳಿಸಿರಬಹುದೆಂದು ನನ್ನ ಜಾತಿಯ ಪಂಡಿತರು ಒಮ್ಮೆ ಯೋಚಿಸಬೇಕಾದುದುಂಟು.

ಈಗಿನ ತೆಲಂಗಾಣದ ವಿಕಾರಾಬಾದಿನ ಬಳಿ ಧಾರೂರಿನಲ್ಲಿ 1923ರಿಂದ ಪ್ರತಿ ನವೆಂಬರಿನಲ್ಲಿ ಮೆಥೊಡಿಸ್ಟರ ದೊಡ್ಡ ಕೂಟ ನಡೆಯುತ್ತದೆ. ಅಮೆರಿಕದ ಕಾಡಿನ ಬಯಲುಗಳಲ್ಲಿ ನಡೆಯುತ್ತಿದ್ದ ಡೇರೆಕೂಟಗಳೇ ಅದರ ಮೂಲ. ಜನರು ಅದನ್ನು ಜಾತ್ರೆಯೆಂದೇ ಕರೆದರು. ಸಂಸಾರಸಮೇತವಾಗಿ ಹೋಗಿ, ಅಡಿಗೆ ಮಾಡಿಕೊಂಡು, ರಾತ್ರಿಯೆಲ್ಲ ಹಾಡಿ ಬರುವುದಕ್ಕೆ ಕನ್ನಡ ತೆಲುಗುಗಳಲ್ಲಿ ಬೇರೆ ಹೆಸರಿಲ್ಲವಷ್ಟೆ.

ಕೊನೆಗೆ ಆ ಉಪಾಧ್ಯಾಯರ ಮನೆಯ ಮಾತು. ಅವರ ತಾಯಿಗೆ ಎಂಬತ್ತು ದಾಟಿತ್ತು, ಓದು ಬಾರದು. ಸಂಜೆ ಆಕೆ ಗೋಡೆಗೊರಗಿ ಕುಳಿತು ಮೊಮ್ಮಕ್ಕಳಿಂದ ಉತ್ತರಗಳನ್ನು ಹೇಳಿಸುತ್ತಿದ್ದಳು. ನಾನು ಅಚ್ಚಿನ ಪ್ರತಿಯನ್ನು ಕೈಯಲ್ಲಿ ಹಿಡಿದಿದ್ದೆನು. ‘ನಂಬುತ್ತೇನೆ’ ಎಂದು ಅಚ್ಚಿನಲ್ಲಿದ್ದಲ್ಲೆಲ್ಲ ಆಕೆ ‘ನಂಬೀನಿ’ ಎನ್ನುತ್ತಿದ್ದಳು. ಅದನ್ನು ಪ್ರಾಂತಭೇದವೆಂದು ಬಿಟ್ಟೆನು. ಒಂದೆಡೆ ‘ಆಶ್ರಯಿಸಿ’ ಎಂಬಲ್ಲಿ ‘ಆಸರಾಗಿ’ ಎಂದಳು. ಅಭ್ಯಾಸದೋಷ ತಡೆಯಲಾರದೆ ತಿದ್ದಿದೆನು. ಆಕೆ ನನ್ನನ್ನು ನೋಡಿ, “ನಮ್ಮವ್ವ ಹೀಂಗ ಹೇಳಿಕೊಟ್ಟಾಳ್ರೀ” ಎಂದಳು. ಮತ್ತೆ ‘ಆಸರಾಗಿ’ ಎಂದೇ ಹೇಳಿಸಿದಳು. ಮಕ್ಕಳೂ ಹಾಗೆಯೇ ಹೇಳಿದರು. ಓಲೆಯ ಪ್ರತಿಗಳಲ್ಲಿ ಇಂಥ ಭೇದವು ಸಿಕ್ಕಿದರೆ ನಾವು ಅಡಿಟಿಪ್ಪಣಿಯಲ್ಲಿ ಗೌರವದಿಂದ ಕೊಡುತ್ತೇವೆ. ಬಾಯಲ್ಲಿ ಸಿಕ್ಕಿದುದಕ್ಕೆ ತಪ್ಪೆಂದೆನು.

ಆ ಮಕ್ಕಳಲ್ಲಿ ಇಬ್ಬರು ಇಂಗ್ಲಿಷ್ ಮಾಧ್ಯಮದ ಶಾಲೆಯವರು. ಭಾನುವಾರದ ಶಾಲೆಯಲ್ಲಿ ಅವರು ಕೈತಟ್ಟಿ ಹಾಡುವ ಹಾಡುಗಳು ಇಂಗ್ಲಿಷಿನವು. ರಾಗವು ಮತ್ತೆ ಅಕ್ಷರಲೆಕ್ಕದ್ದು. ಅಜ್ಜಿಯ ಕನ್ನಡದ ಉತ್ತರಗಳಲ್ಲಿ ಅರ್ಧದಷ್ಟು ಅವರಿಗೆ ಬರುತ್ತಿದ್ದುವು. ಮೂರು ಸಂಜೆಗಳಲ್ಲಿ ನಾನು ಹದಿನಾಲ್ಕು ಪಾಠಭೇದಗಳನ್ನೂ ಆರು ಹಾಡುಗಳನ್ನೂ ಬರೆದುಕೊಂಡೆನು. ಹಾಡುಗಳಲ್ಲಿ ನಾಲ್ಕು ನಾನು ನೋಡಿದ ಯಾವ ಅಚ್ಚಿನ ಸಂಗೀತಪುಸ್ತಕದಲ್ಲೂ ಇಲ್ಲ. ಎರಡರ ನಡೆ ಮೂರು ನಾಲ್ಕರ ಮಾತ್ರಾಗಣದ್ದು, ಆದಿಪ್ರಾಸವೂ ಒಂದೆರಡು ಕಡೆ ತಪ್ಪಿದುದನ್ನು ಬಿಟ್ಟರೆ ಸರಿಯಾಗಿಯೇ ಇದೆ. ಕಟ್ಟಿದವರು ಯಾರೆಂದು ಕೇಳಿದುದಕ್ಕೆ, ಬೀಸುವಾಗ ಕಲಿತುದೆಂದು ಮಾತ್ರ ಆಕೆ ಹೇಳಿದಳು. ಏಳನೆಯದೊಂದನ್ನು ಆಕೆ ಆರಂಭಿಸಿ, ಎರಡನೆಯ ನುಡಿಯಲ್ಲಿ ನಿಲ್ಲಿಸಿ, ಮುಂದಿನದು ಬಸವಕಲ್ಯಾಣದಲ್ಲಿರುವ ತನ್ನ ತಂಗಿಗೆ ಬರುವುದೆಂದಳು. ನಾನು ಕಲ್ಯಾಣಕ್ಕೆ ಹೋದುದು ಮುಂದಿನ ವರ್ಷದ ದತ್ತಜಯಂತಿಗೆ. ಅಷ್ಟರಲ್ಲಿ ತಂಗಿಯು ತೀರಿಕೊಂಡಿದ್ದಳು; ಸೊಸೆಗೆ ಆ ಹಾಡಿನ ಮಟ್ಟು ನೆನಪಿತ್ತು, ಮಾತು ನೆನಪಿರಲಿಲ್ಲ.